ಆಯಿಯ ಹಾಡೂ ಮಾಹಿತಿ ಹಕ್ಕೂ

ಕಳೆದ ವಾರ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಈಗ ಆತ ಕಾಲೇಜೊಂದರಲ್ಲಿ ಉಪನ್ಯಾಸಕ. ಕುಶಲೋಪರಿ ಮುಗಿದ ಮೇಲೆ ಮೆಲ್ಲನೆ ವಿಷಯಕ್ಕೆ ಬಂದ. ಯಾರೋ ಒಬ್ಬರು ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ ಆತನ ತರಗತಿಯ ಟಿಪ್ಪಣಿಗಳು, ಪ್ರಶ್ನೆಕೋಶ, ಮಕ್ಕಳ ಆಂತರಿಕ ಅಂಕಗಳ ಪಟ್ಟಿ, ಆತ ನಡೆಸುತ್ತಿರುವ ಸಂಶೋಧನೆಯ ಕ್ಷೇತ್ರಕಾರ್ಯದ ಪುಸ್ತಕ ಎಲ್ಲವನ್ನೂ ಕೇಳಿದ್ದಾರಂತೆ. "ಸರ್, ಇದೆಲ್ಲ ಕೊಡಬೇಕೇ? ಪಾಠದ ಟಿಪ್ಪಣಿಯೂ ಸರಕಾರಿ ಕಡತವೇ?" ಎಂದು ಕೇಳಿದ. ಧ್ವನಿಯಲ್ಲಿ ಕೋಪವಿತ್ತು, ಅದರ ಅಡಿಯಲ್ಲಿ ತುಸು ಭಯವೂ ಇತ್ತು.

ನಾನು ವಕೀಲನಲ್ಲ. ಮೂರು ದಶಕಗಳಿಗೂ ಮೀರಿ ಪ್ರೌಢಶಾಲೆಯಲ್ಲಿ ಕನ್ನಡ ಮತ್ತು ಸಮಾಜ ವಿಜ್ಞಾನ ಕಲಿಸಿದವನು. ಆದರೂ ಈ ಕಾಯ್ದೆಯ ಎಂಟನೆಯ ಕಲಮು ನನಗೆ ಬಾಯಿಪಾಠ. ಅದಕ್ಕೆ ಕಾರಣವಾದ ಪ್ರಸಂಗವನ್ನು ಇದುವರೆಗೆ ಎಲ್ಲಿಯೂ ಬರೆದಿರಲಿಲ್ಲ. ನಮ್ಮ ಮನೆಯ ಕೆಲವರಿಗೆ ಅದರ ಅರ್ಧ ಮಾತ್ರ ಗೊತ್ತು. ಆ ಹುಡುಗನಿಗೆ ದೂರವಾಣಿಯಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಸಾವಕಾಶವಾಗಿ ಹೇಳುತ್ತೇನೆ.

ಅದು 1989ನೆಯ ಇಸವಿ. ಅಡಿಕೆ ಕೊಯ್ಲು ಆಗತಾನೇ ಆರಂಭವಾಗಿತ್ತು. ಚಂದಗುಳಿಯ ನಮ್ಮ ಮನೆಗೆ ಒಂದು ಸಂಜೆ ಹೆಗಲಿಗೆ ಚೀಲ ಹಾಕಿಕೊಂಡ ಯುವತಿಯೊಬ್ಬಳು ಬಂದಳು. ವಿಶ್ವವಿದ್ಯಾಲಯವೊಂದರಲ್ಲಿ ಹವ್ಯಕ ಹೆಂಗಸರ ಹಾಡುಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದವರು. ಯಲ್ಲಾಪುರದ ಪರಿಚಿತರೊಬ್ಬರು ನನ್ನ ಹೆಸರು ಹೇಳಿ ಕಳಿಸಿದ್ದರು. ಚೀಲದಲ್ಲಿ ಒಂದು ಟೇಪ್ ರೆಕಾರ್ಡರ್, ಹತ್ತಾರು ಕ್ಯಾಸೆಟ್ಟು, ಒಂದು ಡಜನ್ ಬ್ಯಾಟರಿ ಸೆಲ್ಲು. ನಮ್ಮೂರಿನ ವಿದ್ಯುತ್ತಿನ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. ಇಡಬೇಕಾದ ಕಾರಣವೂ ಇರಲಿಲ್ಲ.

ಆಯಿ ಮೊದಲು ಒಪ್ಪಲಿಲ್ಲ. "ಯಂಗೆ ಎಂತ ಬತ್ತು ತಂಗಿ, ಅಡುಗೆಮನೆ ಹಾಡು" ಎಂದು ಕೈಯೊರೆಸಿಕೊಂಡು ಒಳಗೆ ಹೋದಳು. ಆಕೆ ಓದಿದ್ದು ಮೂರನೆಯ ಇಯತ್ತೆ. ಹದಿನೈದನೆಯ ವಯಸ್ಸಿಗೆ ಮದುವೆಯಾಗಿ ಈ ಮನೆಗೆ ಬಂದವಳು. ಹಾಡನ್ನು ಕಲಿತದ್ದು ಪುಸ್ತಕದಿಂದಲ್ಲ, ತನ್ನ ಅತ್ತೆಯ ಬಾಯಿಂದ. ಹುಡುಗಿಯೂ ಬುದ್ಧಿವಂತೆ. ಟೇಪ್ ರೆಕಾರ್ಡರನ್ನು ಚೀಲದಲ್ಲಿಯೇ ಬಿಟ್ಟು ಅಡಿಕೆ ಸುಲಿಯಲು ಕುಳಿತಳು. ಮೆಟ್ಟುಗತ್ತಿಯಲ್ಲಿ ಬೆರಳು ಕೊಯ್ದುಕೊಂಡಳು. ಆಯಿ ಅರಿಶಿನ ಹಚ್ಚಿ ಬಟ್ಟೆ ಕಟ್ಟಿದಳು. ಆ ರಾತ್ರಿಯೇ ಹಾಡು ಶುರುವಾಯಿತು.

ಅವರು ನಮ್ಮ ಮನೆಯಲ್ಲಿ ಒಂಬತ್ತು ದಿನ ಉಳಿದರು. ಸುತ್ತಲಿನ ಮನೆಗಳ ಹೆಂಗಸರು ಅಡಿಕೆ ಸುಲಿಯುವ ನೆಪದಲ್ಲಿ ರಾತ್ರಿ ನಮ್ಮಲ್ಲಿಗೆ ಬರುತ್ತಿದ್ದರು. ಗಂಡಸರಿಗೆ ಆ ಕಡೆ ಪ್ರವೇಶವಿಲ್ಲ. ನಾನು ಜಗಲಿಯಲ್ಲಿ ಉತ್ತರ ಪತ್ರಿಕೆ ತಿದ್ದುತ್ತ ಕುಳಿತಿರುತ್ತಿದ್ದೆ. ಒಳಗಿನಿಂದ ಅರಿಶಿನೆಣ್ಣೆಯ ಹಾಡು, ಆರತಿಯ ಹಾಡು, ತೊಟ್ಟಿಲ ಹಾಡು ತೇಲಿ ಬರುತ್ತಿದ್ದವು. ಕೆಲವೊಮ್ಮೆ ಹಾಡು ನಿಂತು ಮಾತು ಮಾತ್ರ ಸಣ್ಣಗೆ ಕೇಳಿಸುತ್ತಿತ್ತು. ಕೆಲವೊಮ್ಮೆ ಮಾತೂ ನಿಂತು ಬಹಳ ಹೊತ್ತು ಏನೂ ಕೇಳಿಸುತ್ತಿರಲಿಲ್ಲ. ನಮ್ಮ ಆಯಿಯ ಹಾಡನ್ನು ವಿಶ್ವವಿದ್ಯಾಲಯವೊಂದು ಕೇಳಿಕೊಂಡು ಬಂದಿದೆ ಎಂಬ ಹೆಮ್ಮೆಯಲ್ಲಿ ನಾನು ಆ ಮೌನಗಳ ಕಡೆ ಗಮನ ಕೊಡಲಿಲ್ಲ.

ಆಯಿ 2006ರಲ್ಲಿ ತೀರಿಕೊಂಡಳು. ಫೋಟೋಗಳು ಉಳಿದವು, ಧ್ವನಿ ಉಳಿಯಲಿಲ್ಲ. ಆ ಕಾಲಕ್ಕೆ ಮನೆಮನೆಗೆ ಮೊಬೈಲು ಬರತೊಡಗಿತ್ತಾದರೂ ತಾಯಿಯ ಹಾಡನ್ನು ಹಿಡಿದಿಡಬೇಕೆಂಬುದು ನಮಗೆ ಯಾರಿಗೂ ಹೊಳೆಯಲಿಲ್ಲ. ಇರುವಾಗ ಹೊಳೆಯುವುದಿಲ್ಲ.

2017ರಲ್ಲಿ ನನ್ನ ಮಗಳ ಮದುವೆಯಾಯಿತು. ಹೆಣ್ಣೊಪ್ಪಿಸುವ ಹೊತ್ತಿಗೆ ಹಾಡು ಹೇಳಬೇಕು. ಆಯಿ ಅದನ್ನು ಹಾಡುತ್ತಿದ್ದರೆ ಗಂಡಿನ ಕಡೆಯವರೂ ಕಣ್ಣೊರೆಸಿಕೊಳ್ಳುತ್ತಿದ್ದರು. ನನ್ನ ಸಣ್ಣತ್ತೆ ಮೊದಲ ಎರಡು ನುಡಿ ಹೇಳಿದಳು. ಮೂರನೆಯದು ಬಾಯಿಗೆ ಬರಲಿಲ್ಲ. ತಂಗಿ ಒಂದು ಸಾಲು ಎತ್ತಿದಳು, ಅದು ಬೇರೆ ಹಾಡಿನದು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಅಷ್ಟರಲ್ಲಿ ವಾಲಗದವರು ಊದತೊಡಗಿದರು, ಹೊತ್ತು ಕಳೆಯಿತು. ಆ ರಾತ್ರಿ ನೆಂಟರೆಲ್ಲ ಮಲಗಿದ ಮೇಲೆ ನನಗೆ ಆ ಕ್ಯಾಸೆಟ್ಟುಗಳ ನೆನಪಾಯಿತು.

ಸಂಶೋಧನೆಯ ಪ್ರಬಂಧವನ್ನು ನಾನು ಹಿಂದೆಯೇ ಗ್ರಂಥಾಲಯದಲ್ಲಿ ನೋಡಿದ್ದೆ. ಅನುಬಂಧದಲ್ಲಿ ಆಯಿಯ ನಾಲ್ಕು ಹಾಡುಗಳಿದ್ದವು. ಹೆಣ್ಣೊಪ್ಪಿಸುವ ಹಾಡು ಇರಲಿಲ್ಲ. ಕ್ಯಾಸೆಟ್ಟುಗಳನ್ನು ವಿಭಾಗದ ಸಂಗ್ರಹಕ್ಕೆ ಒಪ್ಪಿಸಲಾಗಿದೆ ಎಂಬ ಒಂದು ಸಾಲು ಮುನ್ನುಡಿಯಲ್ಲಿತ್ತು. ವಿಶ್ವವಿದ್ಯಾಲಯಕ್ಕೆ ಎರಡು ಪತ್ರ ಬರೆದೆ. ಉತ್ತರವಿಲ್ಲ. ನಾನು ನಿವೃತ್ತನಾದ 2018ರ ಕೊನೆಯಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ.

ನನ್ನ ವಿದ್ಯಾರ್ಥಿಗಳಿಗೆ ಈ ಕಾಯ್ದೆಯ ಪಾಠ ನೆನಪಿರಬಹುದು. ಜೂನ್ 2005ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದು, ಅಕ್ಟೋಬರ್ 12ರಿಂದ ಪೂರ್ಣವಾಗಿ ಜಾರಿಗೆ ಬಂದ ಕಾಯ್ದೆ ಇದು. ರಾಜಸ್ಥಾನದ ಹಳ್ಳಿಗರು ಕೂಲಿಯ ಹಾಜರಿ ಪಟ್ಟಿ ತೋರಿಸಿ ಎಂದು ಕೇಳಿದ್ದರಿಂದ ಬೆಳೆದ ಚಳವಳಿಯ ಫಲ. ಕೇಂದ್ರದ ಕಾಯ್ದೆಗಿಂತ ಮೊದಲೇ, 2000ದಲ್ಲಿ, ಕರ್ನಾಟಕ ತನ್ನದೇ ಒಂದು ಕಾಯ್ದೆ ಮಾಡಿತ್ತು. ಅರ್ಜಿ ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಲ್ಲಿ ಇನ್ನೊಂದು ವಿಶೇಷವಿದೆ: ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ವರ್ಷವರ್ಷವೂ ಮಕ್ಕಳಿಂದ ಸಾರಾಂಶ ಬರೆಸಿದ ಮಾಸ್ತರನಿಗೆ ಅದೇನು ಕಷ್ಟ ಎಂದುಕೊಂಡೆ. ತಾಯಿಯ ವಿಷಯವನ್ನು 150 ಪದದಲ್ಲಿ ಬರೆಯಲು ಮೂರು ಸಂಜೆ ಬೇಕಾಯಿತು.

ಕಾಯ್ದೆಯ ಎರಡನೆಯ ಕಲಮಿನಲ್ಲಿ ಮಾಹಿತಿಯನ್ನು ಯಾವ ಯಾವ ರೂಪದಲ್ಲಿ ಪಡೆಯಬಹುದೆಂಬ ವಿವರಣೆಯಲ್ಲಿ ಟೇಪು ಮತ್ತು ವಿಡಿಯೋ ಕ್ಯಾಸೆಟ್ಟುಗಳ ಹೆಸರೇ ಇದೆ. ಹೀಗಾಗಿ ಧೈರ್ಯದಿಂದಿದ್ದೆ. ಕಚೇರಿಗೆ 30 ದಿನಗಳ ಅವಧಿ. 28ನೆಯ ದಿನ ಲಕೋಟೆ ಬಂತು. "ಕೋರಲಾದ ಧ್ವನಿಮುದ್ರಿಕೆಗಳು ಸಂಶೋಧನಾ ಸಾಮಗ್ರಿಯಾಗಿದ್ದು, ಕಲಂ 8(1)(ಡಿ), (ಇ) ಮತ್ತು (ಜೆ) ಅನ್ವಯ ನೀಡಲು ಬರುವುದಿಲ್ಲ." ಮುಗಿಯಿತು. ಕೆಳಗೆ ಒಂದು ಸಹಿ, ಒಂದು ಮೊಹರು.

ಈ ಮೂರು ಅಕ್ಷರಗಳ ಅರ್ಥವನ್ನು ತಿಳಿಯಾಗಿ ಹೇಳುತ್ತೇನೆ. ವಿಶ್ವವಿದ್ಯಾಲಯದ ಪಾಠ, ಸಂಶೋಧನೆಗಳಿಗೆಂದೇ ಪ್ರತ್ಯೇಕ ವಿನಾಯಿತಿ ನಮ್ಮ ಕಾಯ್ದೆಯಲ್ಲಿಲ್ಲ. ಇಂಗ್ಲೆಂಡಿನ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ತಂದು, ನಡೆಯುತ್ತಿರುವ ಮತ್ತು ಮುಂದೆ ಪ್ರಕಟವಾಗಲಿರುವ ಸಂಶೋಧನೆಗೆ ಬೇರೆಯೇ ರಕ್ಷಣೆ ಕೊಟ್ಟರು. ನಮ್ಮಲ್ಲಿ ಸಾಮಾನ್ಯ ವಿನಾಯಿತಿಗಳನ್ನೇ ಸಂದರ್ಭಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬೇಕು. 'ಡಿ' ಎಂದರೆ ವ್ಯಾಪಾರದ ಗುಟ್ಟು ಮತ್ತು ಬೌದ್ಧಿಕ ಸ್ವತ್ತು: ಹೊರಗೆ ಬಿಟ್ಟರೆ ಮೂರನೆಯವರ ಸ್ಪರ್ಧಾ ಸ್ಥಾನಕ್ಕೆ ಹಾನಿಯಾಗುವಂಥದು. 'ಇ' ಎಂದರೆ ವಿಶ್ವಾಸಾಶ್ರಿತ ಸಂಬಂಧ: ನಂಬಿ ಒಪ್ಪಿಸಿದ್ದನ್ನು ನಂಬಿಕೆಯಿಂದಲೇ ಇಟ್ಟುಕೊಂಡಿರುವುದು. 'ಜೆ' ಎಂದರೆ ವೈಯಕ್ತಿಕ ಮಾಹಿತಿ. ಮೂರಕ್ಕೂ ಒಂದು ಮಿತಿಯಿದೆ. ಹೆಚ್ಚಿನ ಸಾರ್ವಜನಿಕ ಹಿತವಿದ್ದರೆ ಕೊಡಬೇಕು.

ಲಕೋಟೆ ಹಿಡಿದು ನಾನು ಕುದಿದೆ. ನನ್ನ ತಾಯಿಯ ಹಾಡು ಯಾರ ವ್ಯಾಪಾರದ ಗುಟ್ಟು? ಆಕೆ ನನಗಿಂತ ಹೆಚ್ಚು ಯಾರನ್ನು ನಂಬಿ ಒಪ್ಪಿಸಿದ್ದಾಳೆ? ಈ ಕಲಮುಗಳನ್ನು ಗುರಾಣಿ ಮಾಡಿಕೊಂಡವರ ಕಥೆಗಳೆಲ್ಲ ನೆನಪಾದವು. ಬಿಟಿ ಬದನೆಯ ವಿಷಯ ನೀವು ಓದಿರುತ್ತೀರಿ. ಮಹಿಕೋ ಕಂಪನಿಯ ಜೀನನ್ನು ನಮ್ಮದೇ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಸ್ಥಳೀಯ ತಳಿಗಳಿಗೆ ಸೇರಿಸುತ್ತಿತ್ತು. ಅವುಗಳಲ್ಲಿ ಉಡುಪಿಯ ಗುಳ್ಳವೂ ಇತ್ತು. ಆ ಬದನೆ ತಿಂದರೆ ವಿಷಬಾಧೆಯೋ ಒಗ್ಗದಿಕೆಯೋ ಆದೀತೇ ಎಂದು ನಡೆಸಿದ ಪರೀಕ್ಷೆಗಳ ವಿವರ ಕೊಡಿ ಎಂದು ಗ್ರೀನ್‌ಪೀಸ್ ಸಂಸ್ಥೆಯವರು ಮಾಹಿತಿ ಹಕ್ಕಿನಲ್ಲಿ ಕೇಳಿದಾಗ ಅಡ್ಡ ಬಂದದ್ದು ಇದೇ 'ಡಿ' ಉಪಕಲಮು. ಕೇಂದ್ರ ಮಾಹಿತಿ ಆಯೋಗ 2007ರಲ್ಲಿ ಕೊಡಿ ಎಂದಿತು. ಕಂಪನಿ ನ್ಯಾಯಾಲಯಕ್ಕೆ ಹೋಯಿತು. ಕೊನೆಗೆ 2008ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಆ ವಿವರಗಳನ್ನು ಜನರೆದುರು ಇಡಬೇಕೆಂದಿತು. ಅದನ್ನು ಹೊರಗಿನ ವಿಜ್ಞಾನಿಗಳೂ ಓದಿದರು, ಪ್ರಶ್ನೆ ಕೇಳಿದರು. 2010ರ ಫೆಬ್ರುವರಿಯಲ್ಲಿ ಅಂದಿನ ಪರಿಸರ ಸಚಿವ ಜೈರಾಂ ರಮೇಶರು ಬೆಂಗಳೂರಿನದೂ ಸೇರಿ ಹಲವು ಊರುಗಳ ಸಾರ್ವಜನಿಕ ಸಭೆಗಳ ನಂತರ ಬಿಟಿ ಬದನೆಗೆ ತಡೆ ಹಾಕಿದರು. ಜನ ತಿನ್ನುವ ತರಕಾರಿಯ ಪರೀಕ್ಷೆಯನ್ನು ಜನರಿಂದಲೇ ಮುಚ್ಚಿಡುವುದು ಯಾವ ನ್ಯಾಯ ಎಂದು ಆ ದಿನಗಳಲ್ಲಿ ನಾನು ತರಗತಿಯಲ್ಲಿ ಗುಡುಗಿದ್ದೆ.

ಅದೇ ಬಾಯಿ ಇನ್ನೊಂದು ಸಂದರ್ಭದಲ್ಲಿ ಬೇರೆ ಮಾತಾಡಿತ್ತು ಎಂಬುದನ್ನೂ ಮುಚ್ಚಿಡುವುದಿಲ್ಲ. 2011ರ ಆಗಸ್ಟಿನಲ್ಲಿ ಸಿಬಿಎಸ್‌ಇ ಮತ್ತು ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು: ತಿದ್ದಿದ ಉತ್ತರ ಪತ್ರಿಕೆಯನ್ನು ಅದನ್ನು ಬರೆದ ವಿದ್ಯಾರ್ಥಿಗೆ ತೋರಿಸಲೇಬೇಕು, ಮೌಲ್ಯಮಾಪಕರ ಹೆಸರನ್ನು ಮಾತ್ರ ಮರೆಮಾಡಬಹುದು. ಅದಾದ ಕೆಲವೇ ವಾರಗಳಲ್ಲಿ ಲೆಕ್ಕಪರಿಶೋಧಕರ ಸಂಸ್ಥೆಯ ಪ್ರಕರಣದಲ್ಲಿ ಮತ್ತೊಂದು ತೀರ್ಪು ಬಂತು. ಪ್ರಶ್ನೆಪತ್ರಿಕೆ ಮತ್ತು ಮಾದರಿ ಉತ್ತರಗಳು ಬೌದ್ಧಿಕ ಸ್ವತ್ತು. ಪರೀಕ್ಷೆಗೆ ಮೊದಲು ಅವನ್ನು ಕೇಳುವಂತಿಲ್ಲ, ಪರೀಕ್ಷೆ ಮುಗಿದ ಮೇಲೆ ಮುಚ್ಚಿಡುವ ಕಾರಣವಿಲ್ಲ. ಗುಟ್ಟಿಗೂ ಒಂದು ಆಯುಷ್ಯವಿದೆ ಎಂಬ ಈ ಮಾತು ಮುಂದೆ ನನಗೆ ಬಹಳ ಉಪಯೋಗಕ್ಕೆ ಬಂತು. ಆದರೆ ಅಂದು, ಶಿಕ್ಷಕರ ಕೊಠಡಿಯಲ್ಲಿ, ಎಲ್ಲರಿಗಿಂತ ಜೋರಾಗಿ ಗೊಣಗಿದವನು ನಾನು. "ಇನ್ನು ಪ್ರತಿ ಅರ್ಧ ಅಂಕಕ್ಕೂ ತಂದೆತಾಯಂದಿರು ಜಗಳಕ್ಕೆ ಬರುತ್ತಾರೆ" ಎಂದಿದ್ದೆ. ಮೌಲ್ಯಮಾಪನ ಕೇಂದ್ರದಲ್ಲಿ ಬೇಸಗೆಯ ಸೆಕೆಯಲ್ಲಿ ಕುಳಿತು ಕೂಡಿಸುವಾಗ ನನ್ನಿಂದಲೂ ತಪ್ಪಾಗಿದ್ದಿರಬಹುದು ಎಂಬ ಅಳುಕೇ ಆ ಗೊಣಗಾಟದ ಮೂಲವಾಗಿತ್ತು. ಈಗ ಎಸ್‌ಎಸ್‌ಎಲ್‌ಸಿ ಮಕ್ಕಳು ಶುಲ್ಕ ಕಟ್ಟಿ ತಮ್ಮ ಉತ್ತರ ಪತ್ರಿಕೆಯ ಪ್ರತಿ ತರಿಸಿಕೊಳ್ಳುತ್ತಾರೆ. ಆಕಾಶವೇನೂ ಕಳಚಿ ಬೀಳಲಿಲ್ಲ. ಕೇಳುವವನ ಜಾಗದಲ್ಲಿ ನಿಂತಾಗ ಎಲ್ಲವೂ ಬಯಲಾಗಬೇಕು, ಕೊಡುವವನ ಜಾಗದಲ್ಲಿ ಕುಳಿತಾಗ ಎಲ್ಲವೂ ಗುಟ್ಟಾಗಿರಬೇಕು. ಈ ದೌರ್ಬಲ್ಯಕ್ಕೆ ನಾನೂ ಹೊರತಲ್ಲ.

ಮೇಲ್ಮನವಿ ಬರೆಯಲು ನನ್ನ ವಿದ್ಯಾರ್ಥಿಯೇ ಆದ ತರುಣ ವಕೀಲನೊಬ್ಬ ನೆರವಾದ. ಲಕೋಟೆ ಓದಿ ನಕ್ಕ. "ಸರ್, ಇವರು ಎಂಟನೆಯ ಕಲಮಿನ ಮೊದಲ ಉಪಕಲಮು ಮಾತ್ರ ಓದಿದ್ದಾರೆ. ಮೂರನೆಯದು ಓದಿಲ್ಲ" ಎಂದ. 8(3)ರಲ್ಲಿ ಹೀಗಿದೆ: ಅರ್ಜಿ ಹಾಕಿದ ದಿನಕ್ಕೆ 20 ವರ್ಷ ಹಿಂದೆ ನಡೆದ ವಿಷಯವಾದರೆ, ದೇಶದ ಭದ್ರತೆ, ಶಾಸನಸಭೆಯ ಹಕ್ಕುಚ್ಯುತಿ, ಸಚಿವ ಸಂಪುಟದ ಕಾಗದಪತ್ರ ಈ ಮೂರನ್ನು ಬಿಟ್ಟು ಉಳಿದ ವಿನಾಯಿತಿಗಳು ಲೆಕ್ಕಕ್ಕಿಲ್ಲ. "1989ರದು 29 ವರ್ಷದ ಹಿಂದಿನದು. 'ಡಿ'ಯೂ ಇಲ್ಲ, 'ಇ'ಯೂ ಇಲ್ಲ, 'ಜೆ'ಯೂ ಇಲ್ಲ. ಹಾಡು ಮಾತ್ರ ಯಾಕೆ ಸರ್, ಒಂಬತ್ತು ದಿನದ ಎಲ್ಲ ಕ್ಯಾಸೆಟ್ಟನ್ನೂ ಕೇಳೋಣ." ನನಗೂ ಹುರುಪು ಬಂತು. ಎಲ್ಲವನ್ನೂ ಕೇಳಿ ಮೇಲ್ಮನವಿ ಹಾಕಿದೆವು.

ಧ್ವನಿ ಮುದ್ರಿಸಿ ಒಪ್ಪಿಸಿದವರು ಕಾಯ್ದೆಯ ಭಾಷೆಯಲ್ಲಿ 'ಮೂರನೆಯ ವ್ಯಕ್ತಿ'. ಅವರ ಅಭಿಪ್ರಾಯ ಕೇಳಿ ಕಚೇರಿಯವರು ಪತ್ರ ಕಳಿಸಿದ್ದರು. ಅವರು ಕಚೇರಿಗೆ ಉತ್ತರಿಸುವ ಮೊದಲು ನನಗೆ ದೂರವಾಣಿ ಮಾಡಿದರು. ಮೂವತ್ತು ವರ್ಷಗಳ ನಂತರ ಕೇಳಿದ ಧ್ವನಿ. ಆಗ ಅವರು ಬೇರೊಂದು ಊರಿನಲ್ಲಿ ಪ್ರಾಧ್ಯಾಪಕಿ.

"ಮಾಸ್ತರ್ರೇ, ಆಯಿ ಹೋದದ್ದು ನನಗೆ ತಿಳಿಯಲೇ ಇಲ್ಲ" ಎಂದು ಮೊದಲು ಅತ್ತರು. ಆಮೇಲೆ ಹೇಳಿದರು: "ಆಯಿಯ ಹಾಡು ನಿಮ್ಮದು. ಅದನ್ನು ಕೊಡಿ ಎಂದು ಬರೆದು ಕೊಡುತ್ತೇನೆ. ಆದರೆ ಆ ಕ್ಯಾಸೆಟ್ಟಿನಲ್ಲಿ ಹಾಡು ಮಾತ್ರ ಇಲ್ಲ."

ಏನಿದೆ ಎಂದು ಕೇಳಿದೆ.

"ಹಾಡಿನ ನಡುವೆ ಹೆಂಗಸರು ತಮ್ಮ ಕಥೆ ಹೇಳಿಕೊಂಡಿದ್ದಾರೆ. ಅತ್ತೆ ಮನೆಯದು, ಗಂಡನದು, ಸತ್ತ ಮಕ್ಕಳದು, ತಲೆ ಬೋಳಿಸಿದ ದಿನದ್ದು. ಊರಲ್ಲಿ ಯಾರ ಕಿವಿಗೂ ಬೀಳಬಾರದು ಎಂದು ಒಬ್ಬೊಬ್ಬರೂ ನನ್ನ ಕೈ ಹಿಡಿದು ಮಾತು ತೆಗೆದುಕೊಂಡಿದ್ದಾರೆ. ನಾನು ಪ್ರಬಂಧದಲ್ಲಿ ಹೆಸರು ಬರೆದಿಲ್ಲ, ಊರು ಬರೆದಿಲ್ಲ. ಆದರೆ ನೀವು ಕೇಳಿದರೆ ಧ್ವನಿಯಲ್ಲೇ ಗುರುತು ಹಿಡಿಯುತ್ತೀರಿ. ಅವರಲ್ಲಿ ಇಬ್ಬರು ಇನ್ನೂ ಇದ್ದಾರೆ."

ಯಾರು ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯಿಯೂ ಒಂದು ರಾತ್ರಿ ಮಾತಾಡಿದ್ದಾರೆ" ಎಂದರು. "ಅರ್ಧ ಗಂಟೆ. 'ಇದು ಮಾಣಿಗೆ ತಿಳಿಯುವುದು ಬೇಡ' ಅಂದಿದ್ದರು. ಹೇಳಬಾರದಿತ್ತೇನೋ. ಆದರೆ ಇದೆ ಎಂಬುದನ್ನೇ ನಿಮ್ಮಿಂದ ಮುಚ್ಚಿಟ್ಟು 'ಕೇಳಬೇಡಿ' ಎನ್ನುವುದು ಸರಿಯಲ್ಲ ಅನ್ನಿಸಿತು."

ಮಾಣಿ ಎಂದರೆ ನಾನು. ಆಗ ನನಗೆ ಮೂವತ್ತೊಂದು ವರ್ಷ. ಜಗಲಿಯಲ್ಲಿ ಕೆಂಪು ಶಾಯಿಯ ಪೆನ್ನು ಹಿಡಿದು ಕುಳಿತಿದ್ದೆ. ನಡುವೆ ಒಂದು ಗೋಡೆ ಮಾತ್ರ.

ಎರಡು ರಾತ್ರಿ ನಿದ್ರೆ ಬರಲಿಲ್ಲ. ಆ ಅರ್ಧ ಗಂಟೆ ಬೇಕು ಎನ್ನಿಸಿತು. ಆಕೆ ನನ್ನಿಂದ ಮುಚ್ಚಿಟ್ಟದ್ದೇನು? ಅಪ್ಪಯ್ಯನ ಸಿಟ್ಟಿನ ವಿಷಯವೇ? ನನಗಿಂತ ಮೊದಲು ಹುಟ್ಟಿ ಉಳಿಯದೆ ಹೋದ ಮಗುವಿನದೇ? ಅಥವಾ ನಾನೇ ಏನಾದರೂ ನೋಯಿಸಿದ್ದೆನೇ? ಕೊನೆಯ ಪ್ರಶ್ನೆ ಬಂದಾಗಲೆಲ್ಲ ಎದ್ದು ಕುಳಿತು ನೀರು ಕುಡಿಯುತ್ತಿದ್ದೆ. ಕಾಯ್ದೆ ನನ್ನ ಪರವಾಗಿತ್ತು. 20 ವರ್ಷ ಎಂದೋ ಕಳೆದಿತ್ತು. ತಂಗಿಗೆ ಹೇಳಿದಾಗ ಅವಳು ಒಂದೇ ಮಾತಿನಲ್ಲಿ ತೀರ್ಮಾನ ಕೊಟ್ಟಳು: "ಅಣ್ಣ, ಆಯಿ ನಮ್ಮವಳು. ಅವಳ ದುಃಖ ಯಾರೋ ವಿಶ್ವವಿದ್ಯಾಲಯದವರಿಗೆ ಗೊತ್ತಿರಬಹುದು, ಹೊಟ್ಟೆಯಲ್ಲಿ ಹುಟ್ಟಿದ ನಮಗೆ ಗೊತ್ತಿರಬಾರದೇ?" ಆ ಮಾತಿಗೆ ಇಂದಿಗೂ ನನ್ನಲ್ಲಿ ಸರಿಯಾದ ಉತ್ತರವಿಲ್ಲ.

ಆ ದಿನಗಳಲ್ಲಿಯೇ ಅಮೆರಿಕದ ಬಾಸ್ಟನ್ ಕಾಲೇಜಿನ ಪ್ರಕರಣವನ್ನು ಓದಿದೆ. 2001ರಿಂದ 2006ರ ವರೆಗೆ ಅಲ್ಲಿಯವರು ಉತ್ತರ ಐರ್ಲೆಂಡಿನ ಹಿಂಸಾಚಾರದಲ್ಲಿ ಪಾಲುಗೊಂಡಿದ್ದವರ ನೆನಪುಗಳನ್ನು ಧ್ವನಿಮುದ್ರಿಸಿಕೊಂಡರು. ನೀವು ಸಾಯುವ ತನಕ ಹೊರಗೆ ಬಿಡುವುದಿಲ್ಲ ಎಂಬ ಭರವಸೆ ಕೊಟ್ಟಿದ್ದರು. ಅದನ್ನು ನಂಬಿ ಜನ ಬಾಯಿಬಿಟ್ಟರು. 2011ರಲ್ಲಿ ಪೊಲೀಸರು ಕೊಲೆ ಪ್ರಕರಣವೊಂದರ ತನಿಖೆಗಾಗಿ ಅವನ್ನು ಕೇಳಿದರು. ನ್ಯಾಯಾಲಯಗಳ ಹೋರಾಟದ ನಂತರ 2013ರಲ್ಲಿ ಕೆಲವು ಮುದ್ರಿಕೆಗಳನ್ನು ಕೊಡಬೇಕಾಯಿತು. ನಮ್ಮ ಜಗಲಿಗೂ ಆ ಕೊಲೆಗಳಿಗೂ ಏನೂ ಸಂಬಂಧವಿಲ್ಲ. ಆದರೆ ಸಂಶೋಧಕರು ಕೊಟ್ಟ ಮಾತು ಕಾನೂನಿನೆದುರು ಎಷ್ಟು ತೆಳ್ಳಗಿರುತ್ತದೆ ಎಂಬುದು ತಿಳಿಯಿತು. ಕೊಲೆಯ ತನಿಖೆಗೆ ಆ ಮಾತನ್ನು ಮುರಿಯಬೇಕಾಗಬಹುದು. ಮಗನ ಕುತೂಹಲಕ್ಕೆ?

ಮೂರನೆಯ ಬೆಳಿಗ್ಗೆ ನಮ್ಮೂರ ಘಂಟೆ ಗಣಪತಿಯ ಗುಡಿಗೆ ಹೋದೆ. ನಿಮಗೆ ಗೊತ್ತಿರುವಂತೆ, ಅಲ್ಲಿ ಹರಕೆ ಈಡೇರಿದವರು ಗಂಟೆ ಕಟ್ಟುತ್ತಾರೆ. ಎಲ್ಲಿ ನೋಡಿದರೂ ಸಣ್ಣವು ದೊಡ್ಡವು, ಹೊಸವು ಹಳೆಯವು. ಚಿಕ್ಕಂದಿನಿಂದ ನೋಡಿದ್ದೆ, ಆದರೆ ಅಂದು ಹೊಸದಾಗಿ ಕಂಡಿತು. ಗಂಟೆ ಎಲ್ಲರಿಗೂ ಕಾಣುತ್ತದೆ. ಯಾರು ಬೇಕಾದರೂ ಬಾರಿಸಬಹುದು. ಕಟ್ಟಿದವರ ಹರಕೆ ಏನಿತ್ತು ಎಂಬುದು ಅವರಿಗೂ ದೇವರಿಗೂ ಬಿಟ್ಟು ಬೇರೆಯವರಿಗೆ ತಿಳಿಯದು. ಅದನ್ನು ಕೇಳಬೇಕೆಂದು ಯಾರಿಗೂ ಅನ್ನಿಸುವುದೂ ಇಲ್ಲ.

ಮೇಲ್ಮನವಿಯ ವಿಚಾರಣೆ 2019ರ ಮಾರ್ಚಿನಲ್ಲಿ ನಡೆಯಿತು. ನನ್ನ ವಕೀಲ ಶಿಷ್ಯ 8(3)ರ ಪ್ರತಿಯನ್ನು ಹಿಡಿದು ಸಿದ್ಧನಾಗಿ ಬಂದಿದ್ದ. ನಾನು ಎದ್ದು ನಿಂತು, ಕೋರಿಕೆಯನ್ನು ನನ್ನ ತಾಯಿಯ ಹಾಡುಗಳಿಗೆ ಮಾತ್ರ ಸೀಮಿತಗೊಳಿಸುತ್ತೇನೆ, ಮಾತುಕತೆಯ ಯಾವ ಭಾಗವೂ ಬೇಡ ಎಂದು ಬರೆದುಕೊಟ್ಟೆ. ಹುಡುಗನ ಮುಖ ಸಣ್ಣದಾಯಿತು. ಗೆಲ್ಲುವ ಪಂದ್ಯವನ್ನು ಬಿಟ್ಟುಕೊಟ್ಟ ನಾಯಕನನ್ನು ನೋಡುವಂತೆ ನೋಡಿದ. ಕಾಯ್ದೆಯ ಹತ್ತನೆಯ ಕಲಮು ಇಂಥ ಸಂದರ್ಭಕ್ಕೆಂದೇ ಇದೆ: ಕೊಡಬಾರದ ಭಾಗವನ್ನು ಬೇರ್ಪಡಿಸಿ ಕೊಡಬಹುದಾದುದನ್ನು ಕೊಡಬೇಕು. ಮೇಲ್ಮನವಿಯ ಅಧಿಕಾರಿ ಆ ಪ್ರಕಾರ ಆದೇಶ ಮಾಡಿದರು. ಮೊದಲ ದಿನವೇ ಯಾರಾದರೂ ಒಬ್ಬರು ಹತ್ತನೆಯ ಕಲಮು ಓದಿದ್ದರೆ ಈ ಓಡಾಟವೇ ಬೇಕಿರಲಿಲ್ಲ. ಹಾಡು ಯಾವುದು, ಗುಟ್ಟು ಯಾವುದು ಎಂದು ಆರಿಸುವ ಶ್ರಮಕ್ಕಿಂತ ಎಲ್ಲಕ್ಕೂ ಸೇರಿಸಿ 'ಇಲ್ಲ' ಎನ್ನುವುದು ಸುಲಭ.

ಎರಡು ತಿಂಗಳ ನಂತರ ಹನ್ನೊಂದು ಹಾಡುಗಳಿರುವ ಒಂದು ಸಿ.ಡಿ. ಬಂತು. ಆರಿಸಿ ಬೇರ್ಪಡಿಸಿ ಕೊಟ್ಟವರು ಆ ಪ್ರಾಧ್ಯಾಪಕಿಯೇ. ತಂಗಿಯನ್ನೂ ಸಣ್ಣತ್ತೆಯನ್ನೂ ಕರೆಸಿ ಎಲ್ಲರೂ ಕುಳಿತು ಕೇಳಿದೆವು. ಮೊದಲು ಗರಗರ ಸದ್ದು. ಅಡಿಕೆ ಸುಲಿಯುವ ಕತ್ತಿಯ ಸದ್ದು. ಒಂದು ಕೆಮ್ಮು. ಸಣ್ಣತ್ತೆ "ಅತ್ತಿಗೆಯದೇ ಕೆಮ್ಮು" ಎಂದಳು. ಆಮೇಲೆ ಆಯಿ ಹಾಡಿದಳು. ಹೆಣ್ಣೊಪ್ಪಿಸುವ ಹಾಡು ಏಳನೆಯದು. ನಾವು ಮರೆತಿದ್ದ ಮೂರನೆಯ ನುಡಿ ಬಂದಾಗ ಸಣ್ಣತ್ತೆ ತಾನೂ ದನಿಗೂಡಿಸಿದಳು. ಮರೆತದ್ದು ಎಲ್ಲಿಗೂ ಹೋಗಿರಲಿಲ್ಲ. ಒಂಬತ್ತನೆಯ ಹಾಡು ಮುಗಿದ ಕೂಡಲೇ ಆಯಿ ಉಸಿರೆಳೆದುಕೊಂಡು "ತಂಗಿ..." ಎಂದದ್ದು ಕೇಳುತ್ತದೆ. ಅಲ್ಲಿಗೆ ತುಂಡಾಗಿದೆ. ಮರುಕ್ಷಣ ಹತ್ತನೆಯ ಹಾಡು.

ತಂಗಿ ನನ್ನ ಮುಖ ನೋಡಿದಳು. ನಾನು ನೋಡಲಿಲ್ಲ.

ಇನ್ನು ದೂರವಾಣಿ ಮಾಡಿದ ಶಿಷ್ಯನಿಗೆ ನಾನು ಹೇಳಿದ್ದನ್ನು ಬರೆಯುತ್ತೇನೆ. ಅಲ್ಲಿ ಇಲ್ಲಿ ಓದಿ, ಅನುಭವಿಸಿ ತೋಚಿದ್ದು. ಅಂತಿಮವಾಗಿ ಬಲ್ಲವರನ್ನು ಕೇಳಬೇಕು. ಪಠ್ಯಕ್ರಮ, ಮುಗಿದ ಪರೀಕ್ಷೆಗಳ ಪ್ರಶ್ನೆಪತ್ರಿಕೆ, ಅಂಕ ಕೊಡುವ ಕ್ರಮ, ಸಂಶೋಧನೆಗೆ ಬಂದ ಸರಕಾರಿ ಹಣದ ಲೆಕ್ಕ, ಇವನ್ನು ಯಾರೂ ಕೇಳುವ ಮೊದಲೇ ತೆರೆದಿಡು. ಮುಂದಿನ ಪರೀಕ್ಷೆಯ ಪ್ರಶ್ನೆಕೋಶ ಗುಟ್ಟಾಗಿರಲಿ. ಪರೀಕ್ಷೆ ಮುಗಿದ ದಿನ ಆ ಗುಟ್ಟೂ ಮುಗಿಯಲಿ. ಒಬ್ಬ ವಿದ್ಯಾರ್ಥಿ ತನ್ನ ಉತ್ತರ ಪತ್ರಿಕೆ ಕೇಳಿದರೆ ಸಂತೋಷದಿಂದ ಕೊಡು. ಬೇರೆಯವರದು ಕೇಳಿದರೆ ಯೋಚಿಸು. ಮುಗಿದ ಪ್ರಬಂಧವನ್ನು ಅಡಗಿಸುವ ಮಾತೇ ಇಲ್ಲ. ಯುಜಿಸಿಯ 2009ರ ನಿಯಮದ ನಂತರ ಪಿಎಚ್.ಡಿ. ಪ್ರಬಂಧಗಳ ಪ್ರತಿ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರಕ್ಕೆ ಹೋಗುತ್ತದೆ, ಅವರ 'ಶೋಧಗಂಗಾ'ದಲ್ಲಿ ಯಾರು ಬೇಕಾದರೂ ಓದಬಹುದು. ಆದರೆ ಕ್ಷೇತ್ರಕಾರ್ಯದ ಪುಸ್ತಕದಲ್ಲಿ ನಿನ್ನನ್ನು ನಂಬಿ ಮಾತಾಡಿದವರಿದ್ದರೆ, ಅವರಿಗಾಗಿ ವಾದಿಸು. ನಿನ್ನ ಅನುಕೂಲಕ್ಕಾಗಿ ಅಲ್ಲ, ಅವರಿಗಾಗಿ.

ಇನ್ನೊಂದು ವಿಷಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮೂಲಕ ಮಾಹಿತಿ ಹಕ್ಕಿನ ಆ 'ಜೆ' ಉಪಕಲಮನ್ನು ತಿದ್ದಲಾಗಿದೆ. 2025ರ ನವೆಂಬರಿನಲ್ಲಿ ಅದು ಜಾರಿಗೂ ಬಂದಿದೆ. ಹಿಂದೆ ವೈಯಕ್ತಿಕ ಮಾಹಿತಿ ಎಂದರಷ್ಟೇ ಸಾಲುತ್ತಿರಲಿಲ್ಲ. ಸಾರ್ವಜನಿಕ ಕೆಲಸಕ್ಕೆ ಅದು ಸಂಬಂಧಪಟ್ಟದ್ದಲ್ಲ, ಅಥವಾ ಹೊರಗೆ ಬಿಟ್ಟರೆ ಒಬ್ಬರ ಖಾಸಗಿತನಕ್ಕೆ ಸಲ್ಲದ ಪೆಟ್ಟು ಬೀಳುತ್ತದೆ ಎಂಬುದನ್ನೂ ನೋಡಬೇಕಿತ್ತು. ಈಗ ವೈಯಕ್ತಿಕ ಎಂದರೆ ಸಾಕು. ಸಾರ್ವಜನಿಕ ಹಿತವನ್ನು ತೂಗಿ ನೋಡುವ 8(2) ಉಳಿದಿದೆ ನಿಜ, ಆದರೆ ತಕ್ಕಡಿ ಹಿಡಿಯುವ ಮನಸ್ಸು ಬೇಕಲ್ಲ. ಗುಟ್ಟನ್ನು ಗೌರವಿಸಬೇಕೆಂದು ಇಷ್ಟುದ್ದ ಬರೆದ ನನಗೇ ಇದರಿಂದ ಆತಂಕವಾಗಿದೆ. ಹೆಂಗಸರ ಕಣ್ಣೀರನ್ನು ಕಾಯಬೇಕಾದ ಬಾಗಿಲು ಅಧಿಕಾರಿಗಳ ಲೆಕ್ಕಪುಸ್ತಕವನ್ನು ಕಾಯತೊಡಗಿದರೆ ಆ ಬಾಗಿಲಿನ ಮೇಲೆ ಯಾರಿಗೂ ನಂಬಿಕೆ ಉಳಿಯುವುದಿಲ್ಲ.

ಆ ಇಬ್ಬರು ಹೆಂಗಸರಲ್ಲಿ ಒಬ್ಬರು ಈ ನಡುವೆ ತೀರಿಕೊಂಡರು ಎಂದು ಪ್ರಾಧ್ಯಾಪಕಿ ತಿಳಿಸಿದರು. ಹೆಸರು ಹೇಳಲಿಲ್ಲ. ಆ ವರ್ಷ ನಮ್ಮ ಸೀಮೆಯಲ್ಲಿ ಹೋದ ಹಿರಿಯರು ನಾಲ್ಕು ಜನ. ನಾನು ನಾಲ್ವರ ಮನೆಗೂ ಹೋಗಿ ಬಂದೆ.

ಹನ್ನೊಂದು ಹಾಡುಗಳನ್ನೂ ಬರೆದಿಟ್ಟಿದ್ದೇನೆ. ಮನೆಯ ಮಕ್ಕಳಿಗೆ, ನೆಂಟರಿಗೆ, ನಮ್ಮ ಶಾಲೆಯ ಹುಡುಗಿಯರಿಗೆ ಯಾರಿಗೆ ಬೇಕಾದರೂ ಪ್ರತಿ ಕೊಡುತ್ತೇನೆ. 10 ರೂಪಾಯಿಯೂ ಬೇಡ, 150 ಪದದ ಅರ್ಜಿಯೂ ಬೇಡ. ನಿಮ್ಮ ಮನೆಯಲ್ಲಿ ಹಾಡು ಬಲ್ಲ ಅಜ್ಜಿ ಇನ್ನೂ ಇದ್ದರೆ ಇಂದೇ ಪಕ್ಕದಲ್ಲಿ ಕುಳಿತು ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳಿ. ಹಾಡಿನ ನಡುವೆ ಅವಳು ಏನಾದರೂ ಹೇಳತೊಡಗಿದರೆ ಮೊಬೈಲನ್ನು ಕೆಳಗಿಟ್ಟು ಕೇಳಿ.